ಹಳೆಯ ಪೇರಲ ಗಿಡಗಳ ಸವರುವಿಕೆ ಮತ್ತು ಆರೈಕೆ

ಹುಬ್ಬಳ್ಳಿ-ಧಾರವಾಡಗಳ ನಡುವೆ ಇರುವ ನವಲೂರು ಪೇರಲ ಹಣ್ಣಿಗೆ ಹೆಸರಾದ ಊರು. ಧಾರವಾಡದ ಪೇಢೆ ಎಂದಂತೆಯೇ ನವಲೂರ ಪೇರಲ ಎಂದು ಈ ಭಾಗದ ಜನ ಊರ ಹೆಸರು ಹಿಡಿದೇ ಹಣ್ಣನ್ನು ಕೇಳಿ ಕೊಳ್ಳುತ್ತ ಬಂದಿದ್ದಾರೆ. ಹದವಾದ ಮಳೆ, ನೀರು ಬಸಿಯುವ ಕೆಂಪು ಮಸಾರಿ ಭೂಮಿ, ಅತಿಯಲ್ಲದ ಚಳಿ, ಇವು ಮೂರೂ ಪೇರಲಕ್ಕೆ ಒಗ್ಗುತ್ತವೆ. ಧಾರವಾಡದ ಸುತ್ತಲಿನ ಪ್ರದೇಶ ಉತ್ತರದ ಸ್ಥಿತ್ಯಂತರ ವಲಯಕ್ಕೆ, ಅಂದರೆ ವಲಯ 8ಕ್ಕೆ ಸೇರಿದ್ದು, ಇಲ್ಲಿ ಈ ಮೂರೂ ಒಟ್ಟಿಗೆ ದೊರೆಯುತ್ತವೆ.

ಆದರೆ ನಗರ ಬೆಳೆದಂತೆ ತೋಟದ ಭೂಮಿ ನಿವೇಶನಗಳಾಗುತ್ತಿವೆ. ಉಳಿದ ತೋಟಗಳಲ್ಲಿಯೂ ಗಿಡಗಳಿಗೆ ವಯಸ್ಸಾಗಿದೆ. ಟೊಂಗೆಗಳು ಒಂದರೊಳಗೊಂದು ಹೆಣೆದುಕೊಂಡು ತೋಟದೊಳಗೆ ಹಗಲಿನಲ್ಲಿಯೂ ನೆರಳು ಕವಿದಿರುತ್ತದೆ. ಹಣ್ಣುಗಳು ನೆತ್ತಿಯ ತುದಿಯಲ್ಲಿ ಮಾತ್ರ ಬಿಡುತ್ತವೆ. ಅವು ಕೈಗೆ ಸಿಗುವ ಮೊದಲೇ ಗಿಳಿ, ಬಾವಲಿಗಳ ಪಾಲಾಗುತ್ತವೆ. ಇಂತಹ ತೋಟ ಕೂಲಿಯ ಖರ್ಚನ್ನೂ ಹುಟ್ಟಿಸುವುದಿಲ್ಲ. ಖರ್ಚು ಹುಟ್ಟದ ತೋಟವನ್ನು ಮಾರಿಬಿಡಬೇಕೆಂಬ ಮಾತು ಮನೆಯಲ್ಲಿ ಎದ್ದರೆ ಆಶ್ಚರ್ಯವಿಲ್ಲ.

ಇಂತಹ ಹಲವು ಗಿಡಗಳ ದೋಷ ವಯಸ್ಸಲ್ಲ, ಸವರದೆ ಬಿಟ್ಟಿರುವುದು. ಬೇರು ಗಟ್ಟಿಯಾಗಿರುವ ಹಳೆಯ ಪೇರಲ ಗಿಡವನ್ನು ಸರಿಯಾದ ಕಾಲದಲ್ಲಿ, ಸರಿಯಾದ ರೀತಿಯಲ್ಲಿ ಸವರಿದರೆ ಅದು ಮತ್ತೆ ಎಳೆಯ ಗಿಡದಂತೆ ಫಲ ಕೊಡಬಲ್ಲದು. “ಫಲಾ ಕೊಡೋ ಗಿಡಕ್ಕ ಕೊಡಲಿ ಹಚ್ಚಬಾರದೋ ತಮ್ಮಾ” ಎಂಬ ಹಿರಿಯರ ಮಾತಿನಲ್ಲಿ ಗಿಡದ ಮೇಲಿನ ಪ್ರೀತಿ ಇದೆ. ಆದರೆ ಪೇರಲದ ಮಟ್ಟಿಗೆ ಆ ಪ್ರೀತಿಯೇ ಗಿಡವನ್ನು ಬಂಜೆ ಮಾಡುತ್ತದೆ. ಅದು ಹೇಗೆಂಬುದನ್ನು ಮೊದಲು ತಿಳಿಯಬೇಕು.

ಪೇರಲ ಎಲ್ಲಿ ಹೂ ಬಿಡುತ್ತದೆ?

ಪೇರಲದ ಹೂ ಹಳೆಯ ಟೊಂಗೆಯ ಮೇಲೆ ಬಿಡುವುದಿಲ್ಲ. ಅದು ಆಯಾ ಹಂಗಾಮಿನಲ್ಲಿ ಒಡೆದ ಹೊಸ ಚಿಗುರಿನ ಎಲೆಗಳ ಕಂಕುಳಲ್ಲಿ ಬಿಡುತ್ತದೆ. ಹೊಸ ಚಿಗುರು ಇಲ್ಲದಿದ್ದರೆ ಹೂ ಇಲ್ಲ. ಸವರದ ಗಿಡದಲ್ಲಿ ಚಿಗುರು ಬೆಳಕು ಬೀಳುವ ತುದಿಯಲ್ಲಿ ಮಾತ್ರ ಒಡೆಯುತ್ತದೆ. ಆದ್ದರಿಂದ ವರ್ಷದಿಂದ ವರ್ಷಕ್ಕೆ ಫಸಲು ಮೇಲಕ್ಕೂ ಹೊರಕ್ಕೂ ಸರಿಯುತ್ತ ಹೋಗಿ, ಒಳಗೆ ಎಲೆ ಇಲ್ಲದ ಬರಿಯ ಕಟ್ಟಿಗೆ ಉಳಿಯುತ್ತದೆ. ಆ ಕಟ್ಟಿಗೆಯನ್ನು ಸಾಕುವುದಕ್ಕೆ ಬೇರು ದುಡಿಯುತ್ತಿರುತ್ತದೆ.

ಸವರುವಿಕೆಯ ಬಗ್ಗೆ ಓದಿದ ಕೆಲವರು ಚಳಿಗಾಲದಲ್ಲಿ ಗಿಡ ಕತ್ತರಿಸುವುದುಂಟು. ಅದು ಕಾಶ್ಮೀರ, ಹಿಮಾಚಲ ಪ್ರದೇಶಗಳ ಸೇಬು, ಪ್ಲಮ್ ಮುಂತಾದ ಗಿಡಗಳಿಗೆ ಹೇಳಿದ ಮಾತು. ಪ್ಲಮ್ ಗಿಡ ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ ನಿದ್ರೆ ಮಾಡುತ್ತದೆ. ಸಾಕಷ್ಟು ಚಳಿ ಉಂಡ ಮೇಲೆಯೇ ಅದರ ಮೊಗ್ಗು ಒಡೆಯುತ್ತದೆ. ಅದರ ಹೂ ಹಿಂದಿನ ವರ್ಷ ಬಲಿತ ಕಡ್ಡಿಗಳ ಮೇಲೂ ಹಳೆಯ ಟೊಂಗೆಯ ಗಿಡ್ಡ ಮುಳ್ಳಿನಂತಹ ಕವಲುಗಳ ಮೇಲೂ ಬಿಡುತ್ತದೆ. ಆ ಗಿಡದ ಹಳೆಯ ಕಡ್ಡಿಯನ್ನೆಲ್ಲ ಕತ್ತರಿಸಿದರೆ ಹಣ್ಣನ್ನೇ ಕತ್ತರಿಸಿದಂತೆ. ಧಾರವಾಡದಲ್ಲಿ ಅಷ್ಟು ಚಳಿ ಇಲ್ಲ, ಪೇರಲಕ್ಕೆ ಅಂತಹ ನಿದ್ರೆಯೂ ಇಲ್ಲ. ಅದು ವರ್ಷವಿಡೀ ಹಸಿರಾಗಿರುವ ಗಿಡ. ಚಳಿಗಾಲ ಇಲ್ಲಿ ಅದರ ಒಳ್ಳೆಯ ಫಸಲಿನ ಕಾಲ. ಆದ್ದರಿಂದ ಒಂದು ಗಿಡದ ನಿಯಮವನ್ನು ಇನ್ನೊಂದಕ್ಕೆ ಹಚ್ಚಬಾರದು. ಹೂ ಎಲ್ಲಿ ಬಿಡುತ್ತದೆ, ಯಾವಾಗ ಬಿಡುತ್ತದೆ ಎಂಬುದನ್ನು ನೋಡಿಯೇ ಕತ್ತರಿ ಹಿಡಿಯಬೇಕು.

ಯಾವ ಕಾಲದಲ್ಲಿ ಸವರಬೇಕು?

ನಮ್ಮ ಹವೆಯಲ್ಲಿ ಪೇರಲ ವರ್ಷಕ್ಕೆ ಮೂರು ಸಲ ಹೂ ಬಿಡುವ ಸ್ವಭಾವದ್ದು. ಫೆಬ್ರುವರಿ-ಮಾರ್ಚ್ ತಿಂಗಳಿನ ಹೂ ಮಳೆಗಾಲಕ್ಕೆ ಹಣ್ಣಾಗುತ್ತದೆ. ಜೂನ್-ಜುಲೈ ಹೂವಿನಿಂದ ನವೆಂಬರದಿಂದ ಜನವರಿಯವರೆಗೆ ಚಳಿಗಾಲದ ಹಣ್ಣು ಬರುತ್ತದೆ. ಅಕ್ಟೋಬರ್-ನವೆಂಬರ್ ಹೂವಿನ ಹಣ್ಣು ಬೇಸಿಗೆಯ ಆರಂಭಕ್ಕೆ ಸಿಗುತ್ತದೆ. ಮೂರನ್ನೂ ಗಿಡದ ಇಚ್ಛೆಗೆ ಬಿಟ್ಟರೆ ವರ್ಷವಿಡೀ ನಾಲ್ಕು ನಾಲ್ಕು ಹಣ್ಣು ಸಿಗುತ್ತವೆಯೇ ಹೊರತು ಪೇಟೆಗೆ ಒಯ್ಯುವಷ್ಟು ಫಸಲು ಒಮ್ಮೆಗೆ ಸಿಗುವುದಿಲ್ಲ.

ಈ ಮೂರರಲ್ಲಿ ಚಳಿಗಾಲದ ಫಸಲು ಉತ್ತಮವಾದದ್ದು. ಮಳೆಗಾಲದ ಹಣ್ಣು ನೀರು ನೀರಾಗಿ ಸಪ್ಪೆಯಾಗಿರುತ್ತದೆ, ಹಣ್ಣಿನ ನೊಣದ ಕಾಟಕ್ಕೆ ಬೇಗ ತುತ್ತಾಗುತ್ತದೆ, ಬುಟ್ಟಿಯಲ್ಲಿ ಬೇಗ ಕೊಳೆಯುತ್ತದೆ. ಚಳಿಗಾಲದ ಹಣ್ಣು ಸಿಹಿ, ಗಟ್ಟಿ. ಸಿ ಜೀವಸತ್ವವೂ ಅದರಲ್ಲಿ ಹೆಚ್ಚು.

ಚಳಿಗಾಲದ ಫಸಲು ಬೇಕಾದರೆ ಮೇ ತಿಂಗಳಿನಲ್ಲಿ ಸವರಬೇಕು. ನೀರಿನ ಅನುಕೂಲ ಇರುವವರು ಮೇ ಮೊದಲನೆಯ ವಾರದಿಂದ ಆರಂಭಿಸಬಹುದು. ಮಳೆಯನ್ನೇ ನಂಬಿದವರು ಕೃತ್ತಿಕಾ ಮಳೆಯ ದಿನಗಳಲ್ಲಿ, ಅಂದರೆ ಮೇ ಎರಡನೆಯ ಮತ್ತು ಮೂರನೆಯ ವಾರಗಳಲ್ಲಿ ಮಾಡುವುದು ಲೇಸು. ರೋಹಿಣಿ, ಮೃಗಶಿರಾ ಮಳೆಗಳಿಗೆ ಹೊಸ ಚಿಗುರು ಒಡೆದು ಅದರಲ್ಲಿ ಹೂ ಕಾಣಿಸಿಕೊಳ್ಳುತ್ತದೆ. ಹೂ ಬಿಟ್ಟಂದಿನಿಂದ ಹಣ್ಣು ಬಲಿಯಲು ಸುಮಾರು ನಾಲ್ಕರಿಂದ ಐದು ತಿಂಗಳು ಬೇಕು.

ಇಲ್ಲಿ ರೈತನ ಮನಸ್ಸಿಗೆ ಒಂದು ಪರೀಕ್ಷೆ ಇದೆ. ಮೇ ತಿಂಗಳಿನಲ್ಲಿ ಗಿಡದ ಮೇಲೆ ಫೆಬ್ರುವರಿ ಹೂವಿನ ಎಳೆಗಾಯಿಗಳಿರುತ್ತವೆ. ಸವರಿದರೆ ಅವೂ ಹೋಗುತ್ತವೆ. ಮಳೆಗಾಲದ ಫಸಲನ್ನು ಬಿಟ್ಟುಕೊಟ್ಟು ಚಳಿಗಾಲದ ಫಸಲನ್ನು ಪಡೆಯುವ ಲೆಕ್ಕ ಇದು. ಇದನ್ನು ತಿಳಿಯದೆ ಆರಂಭಿಸಿದವರು ನಡುವೆ ಕೈ ಬಿಡುತ್ತಾರೆ. ಧೈರ್ಯ ಸಾಲದವರು ಮೊದಲ ವರ್ಷ ತೋಟದ ಒಂದು ಸಾಲನ್ನು ಮಾತ್ರ ಸವರಿ, ಎರಡೂ ಬಗೆಯ ಗಿಡಗಳ ಹಣ್ಣು ತೂಗಿ, ಮಾರಿದ ಹಣವನ್ನು ಬರೆದಿಟ್ಟು ಹೋಲಿಸಿ ನೋಡುವುದು ಒಳ್ಳೆಯದು. ಪಕ್ಕದ ಸಾಲೇ ಎಲ್ಲಕ್ಕಿಂತ ಚೆನ್ನಾಗಿ ಪಾಠ ಹೇಳುತ್ತದೆ.

ಸವರುವ ಮೊದಲು ಗಿಡದ ಪರೀಕ್ಷೆ

ಎಲ್ಲ ಹಳೆಯ ಗಿಡಗಳೂ ಸವರಲು ಯೋಗ್ಯವಲ್ಲ. ಸೊರಗು ರೋಗ ತಗಲಿದ ಗಿಡವನ್ನು ಸವರಿ ಉಳಿಸಲಾಗದು. ಈ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ. ಮಳೆ ಆರಂಭವಾದ ಮೇಲೆ ತುದಿಯ ಎಲೆಗಳು ಹಳದಿಯಾಗಿ ಮುದುಡುತ್ತವೆ, ರೆಂಬೆಗಳು ತುದಿಯಿಂದ ಒಣಗುತ್ತ ಬರುತ್ತವೆ, ಕಾಯಿಗಳು ಬೆಳೆಯದೆ ಕಪ್ಪಾಗಿ ಗಟ್ಟಿಯಾಗಿ ಟೊಂಗೆಗೇ ಅಂಟಿಕೊಂಡಿರುತ್ತವೆ. ಕೆಲವೇ ತಿಂಗಳಲ್ಲಿ ಇಡೀ ಗಿಡ ಒಣಗಿ ನಿಲ್ಲುತ್ತದೆ. ನೀರು ನಿಲ್ಲುವ ಎರೆ ಭೂಮಿಯಲ್ಲಿಯೂ ಸುಣ್ಣದ ಅಂಶ ಹೆಚ್ಚಿರುವ ಭೂಮಿಯಲ್ಲಿಯೂ ಇದರ ಹಾವಳಿ ಜಾಸ್ತಿ.

ಇಂತಹ ಗಿಡವನ್ನು ಬೇರು ಸಹಿತ ಕಿತ್ತು ತೋಟದ ಹೊರಗೆ ಸುಡಬೇಕು. ಕಿತ್ತ ಜಾಗದಲ್ಲಿ ಕೂಡಲೇ ಇನ್ನೊಂದು ಪೇರಲ ಸಸಿ ಹಚ್ಚಬಾರದು. ಸುತ್ತಲಿನ ಗಿಡಗಳಿಗೆ ಟ್ರೈಕೊಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ ಹಾಕಿ, ನೀರು ಬಸಿದುಹೋಗುವಂತೆ ಕಾಲುವೆ ತೆಗೆಯಬೇಕು. ಗಿಡದ ಬುಡದಲ್ಲಿ ನೇಗಿಲು ಹೊಡೆದು ಬೇರಿಗೆ ಗಾಯ ಮಾಡಬಾರದು. ಗಾಯವಾದ ಬೇರಿನಿಂದಲೇ ಶಿಲೀಂಧ್ರ ಒಳಹೊಗುತ್ತದೆ.

ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿದಾಗ ಒಳತೊಗಟೆ ಹಸಿರಾಗಿದ್ದರೆ, ಬುಡದಲ್ಲಿ ಪೊಟರೆ ಇಲ್ಲದಿದ್ದರೆ, ಆ ಗಿಡ ಸವರುವಿಕೆಗೆ ತಕ್ಕದ್ದು. ಆದರೆ ಕಾಡು ಬೀಜದಿಂದ ಬೆಳೆದು ಒಳ್ಳೆಯ ಹಣ್ಣು ಕೊಡದ ಗಿಡ ಸವರಿದ ಮಾತ್ರಕ್ಕೆ ಒಳ್ಳೆಯ ಹಣ್ಣು ಕೊಡುವುದಿಲ್ಲ. ಅಂತಹ ಗಿಡದ ಹೊಸ ಚಿಗುರಿಗೆ ಒಳ್ಳೆಯ ತಳಿಯ ಕಸಿ ಕಟ್ಟಬೇಕು. ಪುಣೆಯ ಗಣೇಶಖಿಂಡದಲ್ಲಿ ಡಾ. ಚೀಮಾ ಅವರು 1927ರಲ್ಲಿ ಆಯ್ದ ಲಖನೌ-49 ತಳಿ ಮುಂದೆ ಸರದಾರ ಎಂಬ ಹೆಸರು ಪಡೆದು ಇಂದಿಗೂ ರೈತರ ಮೆಚ್ಚುಗೆ ಉಳಿಸಿಕೊಂಡಿದೆ. ಅಲಹಾಬಾದ್ ಸಫೇದಾ ಹಾಗೂ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೊರತಂದ ಅರ್ಕಾ ಮೃದುಲಾ, ಅರ್ಕಾ ಅಮೂಲ್ಯ, ಅರ್ಕಾ ಕಿರಣ್ ತಳಿಗಳೂ ಇವೆ.

ಕತ್ತರಿಸುವ ವಿಧಾನ

ಬೆರಳು ಗಾತ್ರದ ರೆಂಬೆಗೆ ಹರಿತವಾದ ಕತ್ತರಿ, ಅದಕ್ಕಿಂತ ದಪ್ಪನೆಯದಕ್ಕೆ ಗರಗಸ ಬಳಸಬೇಕು. ಕೊಡಲಿ, ಕುಡುಗೋಲುಗಳಿಂದ ಕಡಿದರೆ ತೊಗಟೆ ಸೀಳಿ ಗಾಯ ಮಾಯುವುದಿಲ್ಲ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟಿನಲ್ಲಿ ಅದ್ದಿದ ಅರಿವೆಯಿಂದ ಒರೆಸಬೇಕು. ಹೀಗೆ ಮಾಡಿದರೆ ರೋಗ ಗಿಡದಿಂದ ಗಿಡಕ್ಕೆ ಹರಡುವುದು ತಪ್ಪುತ್ತದೆ.

ದಪ್ಪ ಟೊಂಗೆಯನ್ನು ಮೇಲಿನಿಂದ ಒಂದೇ ಸಲ ಕೊಯ್ದರೆ ಅದು ತನ್ನ ಭಾರಕ್ಕೆ ಮುರಿದು ಬೀಳುವಾಗ ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ. ಆದ್ದರಿಂದ ಮೂರು ಹಂತಗಳಲ್ಲಿ ಕೊಯ್ಯಬೇಕು. ಮೊದಲು ಕಾಂಡದಿಂದ ಒಂದು ಅಡಿ ದೂರದಲ್ಲಿ ಟೊಂಗೆಯ ಕೆಳಗಿನಿಂದ ಮೂರನೆಯ ಒಂದು ಭಾಗದಷ್ಟು ಗರಗಸ ಹಾಯಿಸಬೇಕು. ಅನಂತರ ಅದಕ್ಕಿಂತ ಎರಡು ಮೂರು ಬೆರಳು ಆಚೆ ಮೇಲಿನಿಂದ ಕೊಯ್ದು ಟೊಂಗೆಯನ್ನು ಬೀಳಿಸಬೇಕು. ಕೊನೆಗೆ ಉಳಿದ ಮೋಟನ್ನು ಕಾಂಡದ ಹತ್ತಿರ ತೆಗೆಯಬೇಕು. ಟೊಂಗೆಯ ಬುಡದಲ್ಲಿ ಉಬ್ಬಿದ ಉಂಗುರದಂತಹ ಭಾಗ ಇರುತ್ತದೆ. ಗಾಯವನ್ನು ಮುಚ್ಚುವ ಹೊಸ ತೊಗಟೆ ಅಲ್ಲಿಂದಲೇ ಬೆಳೆಯುವುದರಿಂದ ಅದನ್ನು ಕೊಯ್ಯಬಾರದು. ಉದ್ದನೆಯ ಮೋಟನ್ನೂ ಬಿಡಬಾರದು. ಅದು ಒಣಗಿ ಹುಳುಗಳಿಗೆ ಮನೆಯಾಗುತ್ತದೆ.

ಪ್ರತಿ ವರ್ಷದ ಹಗುರ ಸವರುವಿಕೆ

ಫಲ ಕೊಡುತ್ತಿರುವ, ಹೆಚ್ಚು ಎತ್ತರವಾಗದ ಗಿಡಗಳಿಗೆ ಹಗುರ ಸವರುವಿಕೆ ಸಾಕು. ಮೊದಲು ಒಣಗಿದ, ಮುರಿದ, ರೋಗ ಹಿಡಿದ ರೆಂಬೆಗಳನ್ನು ತೆಗೆಯಬೇಕು. ಬಳಿಕ ಒಂದಕ್ಕೊಂದು ತಿಕ್ಕಾಡುವ ಹಾಗೂ ಗಿಡದ ನಡುವಿಗೆ ತಿರುಗಿದ ರೆಂಬೆಗಳನ್ನು ತೆಗೆಯಬೇಕು. ಬುಡದಿಂದ ಹಾಗೂ ಕಸಿಯ ಗಂಟಿನ ಕೆಳಗಿನಿಂದ ಏಳುವ ಚಿಗುರುಗಳನ್ನು ಕಂಡಾಗಲೆಲ್ಲ ಚಿವುಟಬೇಕು. ಅವು ಕಸಿಯ ಹಣ್ಣನ್ನು ಕೊಡುವುದಿಲ್ಲ. ಕೊನೆಗೆ ಉಳಿದ ಕಡ್ಡಿಗಳ ಉದ್ದದ ಅರ್ಧವನ್ನು ಕತ್ತರಿಸಬೇಕು. ಸವರಿದ ಗಿಡದ ಕೆಳಗೆ ನಿಂತಾಗ ಮಧ್ಯಾಹ್ನದ ಬಿಸಿಲು ಚುಕ್ಕೆ ಚುಕ್ಕೆಯಾಗಿ ನೆಲಕ್ಕೆ ಬೀಳುತ್ತಿದ್ದರೆ ಕೆಲಸ ಸರಿಯಾಯಿತೆಂದು ತಿಳಿಯಬಹುದು.

ಹಳೆಯ ಗಿಡಗಳ ಪುನಶ್ಚೇತನ

ಮುಗಿಲೆತ್ತರ ಬೆಳೆದು ಫಲ ಕಡಿಮೆಯಾದ ಗಿಡಗಳಿಗೆ ಹಗುರ ಸವರುವಿಕೆಯಿಂದ ಪ್ರಯೋಜನವಿಲ್ಲ. ಲಖನೌದ ಕೇಂದ್ರೀಯ ಉಪೋಷ್ಣ ತೋಟಗಾರಿಕೆ ಸಂಸ್ಥೆ ರೂಢಿಗೆ ತಂದ ಪುನಶ್ಚೇತನ ವಿಧಾನವನ್ನು ಇಲ್ಲಿ ಅನುಸರಿಸಬಹುದು. ಅದರ ಕ್ರಮ ಹೀಗಿದೆ.

ಮೇ ತಿಂಗಳಿನಲ್ಲಿ ಗಿಡವನ್ನು ನೆಲದಿಂದ 1ರಿಂದ 1.5 ಮೀಟರ್ ಎತ್ತರದಲ್ಲಿ, ಅಂದರೆ ಸೊಂಟದಿಂದ ಎದೆಯ ಮಟ್ಟದಲ್ಲಿ, ಗರಗಸದಿಂದ ಕೊಯ್ಯಬೇಕು. ಕಸಿ ಗಿಡವಾಗಿದ್ದರೆ ಕಸಿಯ ಗಂಟು ಕೊಯ್ತದ ಕೆಳಗೆ ಉಳಿದಿರಬೇಕು. ನೋಡುವವರಿಗೆ ಅದು ಬರಿಯ ಬೊಡ್ಡೆಯಂತೆ ಕಾಣುತ್ತದೆ. ಹೆದರಬೇಕಾಗಿಲ್ಲ. ಮಳೆ ಬಿದ್ದ ಮೇಲೆ ಬೊಡ್ಡೆಯ ಸುತ್ತಲೂ ಹತ್ತಾರು ಚಿಗುರುಗಳು ಏಳುತ್ತವೆ. ಅವುಗಳಲ್ಲಿ ನಾಲ್ಕೂ ದಿಕ್ಕಿಗೆ ಹೊರಮುಖವಾಗಿ ಬೆಳೆಯುವ ಬಲವಾದ ಚಿಗುರುಗಳನ್ನು ಪ್ರತಿ ಟೊಂಗೆಗೆ ನಾಲ್ಕಾರರಂತೆ ಉಳಿಸಿ ಮಿಕ್ಕವನ್ನು ತೆಗೆಯಬೇಕು.

ನಾಲ್ಕೈದು ತಿಂಗಳಲ್ಲಿ ಈ ಚಿಗುರುಗಳು 40ರಿಂದ 50 ಸೆಂ.ಮೀ. ಉದ್ದವಾಗುತ್ತವೆ. ಆಗ ಅವುಗಳ ಅರ್ಧ ಉದ್ದವನ್ನು ಕತ್ತರಿಸಬೇಕು. ಕತ್ತರಿಸಿದ ಜಾಗದ ಕೆಳಗೆ ಕವಲುಗಳು ಒಡೆದು ಗಿಡ ಕೊಡೆಯಂತೆ ಹರಡುತ್ತದೆ. ಮರು ವರ್ಷದ ಮೇ ತಿಂಗಳಿನಲ್ಲಿ ಈ ಕವಲುಗಳನ್ನು ಮತ್ತೆ ಅರ್ಧಕ್ಕೆ ಸವರಿದರೆ ಜೂನ್-ಜುಲೈಯಲ್ಲಿ ಹೂ ಬಂದು ಆ ಚಳಿಗಾಲಕ್ಕೆ ಮೊದಲ ಫಸಲು ಸಿಗುತ್ತದೆ. ಕೊಯ್ದ ದಿನದಿಂದ ಲೆಕ್ಕ ಹಿಡಿದರೆ ಇದಕ್ಕೆ ಸುಮಾರು ಒಂದೂವರೆ ವರ್ಷ ಬೇಕು. ಮೊದಲ ಫಸಲು ಕಡಿಮೆ ಇದ್ದು ಗಿಡ ತುಂಬಿಕೊಂಡಂತೆ ಹೆಚ್ಚುತ್ತ ಹೋಗುತ್ತದೆ.

ಆ ಒಂದೂವರೆ ವರ್ಷ ಮನೆ ನಡೆಯುವುದು ಹೇಗೆ ಎಂಬುದು ಸಣ್ಣ ಹಿಡುವಳಿದಾರನ ನಿಜವಾದ ಪ್ರಶ್ನೆ. ಅದಕ್ಕಾಗಿ ಇಡೀ ತೋಟವನ್ನು ಒಮ್ಮೆಗೇ ಕೊಯ್ಯಬಾರದು. 6 ಮೀಟರ್ ಅಂತರದ ತೋಟದಲ್ಲಿ ಎಕರೆಗೆ ಸುಮಾರು 110 ಗಿಡಗಳಿರುತ್ತವೆ. ವರ್ಷಕ್ಕೆ ಮೂರನೆಯ ಒಂದು ಭಾಗ, ಅಂದರೆ 36-37 ಗಿಡಗಳನ್ನು ಮಾತ್ರ ತೆಗೆದುಕೊಂಡರೆ ಉಳಿದವು ಫಲ ಕೊಡುತ್ತಿರುತ್ತವೆ. ಮೂರನೆಯ ವರ್ಷದ ಗಿಡಗಳನ್ನು ಕೊಯ್ಯುವ ಹೊತ್ತಿಗೆ ಮೊದಲ ವರ್ಷದವು ಫಸಲಿಗೆ ಬಂದಿರುತ್ತವೆ. ಕೊಯ್ದ ಸಾಲುಗಳ ನಡುವೆ ಬಿಸಿಲು ಚೆನ್ನಾಗಿ ಬೀಳುವುದರಿಂದ ಮುಂಗಾರಿನಲ್ಲಿ ಹೆಸರು, ಅಲಸಂದಿಯಂತಹ ಕಡಿಮೆ ಅವಧಿಯ ದ್ವಿದಳ ಬೆಳೆ ತೆಗೆಯಬಹುದು. ಗೋವಿನಜೋಳ, ಕಬ್ಬಿನಂತಹ ಎತ್ತರದ ಬೆಳೆ ಬೇಡ. ಕೊಯ್ದ ಕಟ್ಟಿಗೆ ಉರುವಲಿಗೆ ಬರುತ್ತದೆ.

ಗಾಯದ ಆರೈಕೆ

ಕೊಯ್ದ ದಿನವೇ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. 1 ಕಿ.ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿಯೂ 1 ಕಿ.ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರ್ ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಿ, ಬಳಿಕ ಎರಡನ್ನೂ ಕಲಕುತ್ತ ಕೂಡಿಸಬೇಕು. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆ ಬಳಸಬೇಕು, ಕಬ್ಬಿಣದ ಪಾತ್ರೆ ಸಲ್ಲದು. ತಯಾರಾದ ಮುಲಾಮಿನಲ್ಲಿ ಹೊಳಪುಳ್ಳ ಕುಡುಗೋಲಿನ ತುದಿಯನ್ನು ಅದ್ದಿ ತೆಗೆದಾಗ ಕೆಂಪು ಬಣ್ಣ ಅಂಟಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಅಂದು ಮಾಡಿದ್ದನ್ನು ಅಂದೇ ಬಳಸಿ ಮುಗಿಸಬೇಕು.

ಬಹುಕಾಲ ನೆರಳಿನಲ್ಲಿದ್ದ ಕಾಂಡ ಒಮ್ಮೆಲೇ ಮೇ ತಿಂಗಳಿನ ಬಿಸಿಲಿಗೆ ತೆರೆದುಕೊಂಡರೆ ತೊಗಟೆ ಸುಟ್ಟು ಬಿರಿಯುತ್ತದೆ. ಇದನ್ನು ತಡೆಯಲು ಕಾಂಡಕ್ಕೆ ಸುಣ್ಣ ಬಳಿಯಬೇಕು. ಬೊಡ್ಡೆ ಒಣಗಿತೆಂದು ರೈತರು ದೂರುವಲ್ಲಿ ಈ ಸಣ್ಣ ಕೆಲಸವೇ ತಪ್ಪಿರುವ ಸಂಭವವುಂಟು.

ಗೊಬ್ಬರ ಮತ್ತು ನೀರು

ಸವರಿದ ಗಿಡಕ್ಕೆ ಉಣಿಸಲೇಬೇಕು. ಕಾಂಡದಿಂದ ಎರಡು ಮೂರು ಅಡಿ ಬಿಟ್ಟು ಪಾತಿ ಮಾಡಿ, ಗಿಡಕ್ಕೆ 25ರಿಂದ 30 ಕಿ.ಗ್ರಾಂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಟ್ಟು ಮಣ್ಣಿನಲ್ಲಿ ಬೆರೆಸಬೇಕು. ರಾಸಾಯನಿಕ ಗೊಬ್ಬರವನ್ನು ಮಣ್ಣು ಪರೀಕ್ಷೆಯ ಶಿಫಾರಸಿನಂತೆ ಎರಡು ಕಂತುಗಳಲ್ಲಿ, ಅಂದರೆ ಮುಂಗಾರು ಹಿಡಿದಾಗ ಒಮ್ಮೆ, ಕಾಯಿ ಕಚ್ಚಿದ ಮೇಲೆ ಸೆಪ್ಟೆಂಬರದಲ್ಲಿ ಇನ್ನೊಮ್ಮೆ ಕೊಡುವುದು ಉಚಿತ. ಹೊಸ ಎಲೆಗಳು ಸಣ್ಣದಾಗಿ, ನರಗಳ ನಡುವೆ ಹಳದಿಯಾದರೆ ಸತುವಿನ ಕೊರತೆ ಇದೆಯೆಂದು ತಿಳಿಯಬೇಕು. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು 2.5 ಗ್ರಾಂ ಸುಣ್ಣ ಬೆರೆಸಿ ಎಲೆಗಳಿಗೆ ಸಿಂಪಡಿಸಬೇಕು.

ಚಳಿಗಾಲದ ಫಸಲು ಬಯಸುವವರು ಸವರುವ ಮೊದಲು ಬೇಸಿಗೆಯಲ್ಲಿ ನೀರು ಕಡಿಮೆ ಮಾಡಿ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಸವರಿದ ಮೇಲೆ ಮಳೆ ತಡವಾದರೆ ನೀರು ಹಾಯಿಸಬೇಕು. ಮಳೆ ನಿಂತ ಮೇಲೆ ಅಕ್ಟೋಬರ್-ನವೆಂಬರದಲ್ಲಿ ಕಾಯಿ ಉಬ್ಬುವ ಕಾಲಕ್ಕೆ ತೇವ ಕಡಿಮೆಯಾದರೆ ಹಣ್ಣು ಸಣ್ಣದಾಗುತ್ತದೆ. ಕೃಷಿ ಹೊಂಡದಲ್ಲಿ ಹಿಡಿದಿಟ್ಟ ನೀರು ಆಗ ಬಹಳ ಉಪಯೋಗಕ್ಕೆ ಬರುತ್ತದೆ. ಪಾತಿಯಲ್ಲಿ ಒಣಗಿದ ಎಲೆ, ರವದಿ ಹರವಿದರೆ ತೇವ ಉಳಿಯುತ್ತದೆ.

ಕೀಟಗಳ ಬಗ್ಗೆ ಎಚ್ಚರ

ಹಳೆಯ ಗಿಡದ ಟೊಂಗೆಗಳ ಕವೆಯಲ್ಲಿ ಹಿಕ್ಕೆ ಮತ್ತು ತೊಗಟೆಯ ಪುಡಿ ಸೇರಿದ ಕಂದು ಬಣ್ಣದ ಬಲೆ ಕಂಡುಬಂದರೆ ಅಲ್ಲಿ ತೊಗಟೆ ತಿನ್ನುವ ಹುಳು ಇದೆಯೆಂದರ್ಥ. ಬಲೆಯನ್ನು ಗುಡಿಸಿ ತೆಗೆದು, ರಂಧ್ರದಲ್ಲಿ ತಂತಿ ಆಡಿಸಿ ಹುಳುವನ್ನು ಕೊಂದು, ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ ಕೆಸರಿನಿಂದ ಮುಚ್ಚಬೇಕು. ಹಣ್ಣಿನ ನೊಣದ ಹತೋಟಿಗೆ ಉದುರಿದ ಹಣ್ಣುಗಳನ್ನು ದಿನವೂ ಆಯ್ದು ಎರಡು ಅಡಿ ಆಳದಲ್ಲಿ ಹೂಳಬೇಕು. ಗಂಡು ನೊಣಗಳನ್ನು ಸೆಳೆದು ಕೊಲ್ಲುವ ಮಿಥೈಲ್ ಯುಜಿನಾಲ್ ಬಲೆಗಳನ್ನು ತೋಟದಲ್ಲಿ ತೂಗುಹಾಕಬೇಕು. ನೊಣ ಒಬ್ಬರ ತೋಟದ ಗಡಿಯನ್ನು ನೋಡುವುದಿಲ್ಲ. ಅಕ್ಕಪಕ್ಕದ ತೋಟದವರೆಲ್ಲ ಕೂಡಿ ಮಾಡಿದರೆ ಮಾತ್ರ ಇದರ ಫಲ ಕಾಣುತ್ತದೆ.

ಹಿತ್ತಲಿನ ಗಿಡ

ಹುಬ್ಬಳ್ಳಿ-ಧಾರವಾಡದ ಮನೆಗಳ ಹಿತ್ತಲಿನಲ್ಲಿ ಇರುವ ಒಂದೆರಡು ಪೇರಲ ಗಿಡಗಳಿಗೂ ಇದೇ ನಿಯಮ ಸಲ್ಲುತ್ತದೆ. ಬಚ್ಚಲ ನೀರು ಸದಾ ನಿಲ್ಲುವ ಜಾಗದಲ್ಲಿರುವ ಗಿಡಕ್ಕೆ ಸೊರಗು ರೋಗದ ಭಯ ಹೆಚ್ಚು. ಆ ನೀರನ್ನು ಕಾಲುವೆ ಮಾಡಿ ಹರಿಯಬಿಡಬೇಕು. ಗಿಡವನ್ನು ಮನೆಯ ಮಾಡಿನ ಎತ್ತರಕ್ಕೆ ಬೆಳೆಯಲು ಬಿಡದೆ, ಕೈಗೆಟಕುವ ಎತ್ತರದಲ್ಲಿ ಪ್ರತಿ ಮೇ ತಿಂಗಳಿನಲ್ಲಿ ಸವರುತ್ತ ಬಂದರೆ ಮಕ್ಕಳು ಗಿಡ ಹತ್ತದೆಯೇ ಹಣ್ಣು ಹರಿಯಬಹುದು.

ನೆನಪಿಡಬೇಕಾದ ಕೆಲಸಗಳು

ಮಾರ್ಚ್-ಏಪ್ರಿಲ್: ನೀರು ಕಡಿಮೆ ಮಾಡುವುದು, ಸೊರಗಿದ ಗಿಡಗಳನ್ನು ಗುರುತಿಸಿ ಕೀಳುವುದು.
ಮೇ: ಸವರುವಿಕೆ, ಬೋರ್ಡೋ ಮುಲಾಮು, ಕಾಂಡಕ್ಕೆ ಸುಣ್ಣ.
ಜೂನ್-ಜುಲೈ: ಗೊಬ್ಬರ, ಚಿಗುರುಗಳ ಆಯ್ಕೆ, ಬುಡದ ಚಿಗುರು ಚಿವುಟುವುದು.
ಆಗಸ್ಟ್-ಸೆಪ್ಟೆಂಬರ್: ನೊಣದ ಬಲೆ, ಎರಡನೆಯ ಕಂತಿನ ಗೊಬ್ಬರ, ನೀರು ಬಸಿಗಾಲುವೆ.
ಅಕ್ಟೋಬರ್: ಪುನಶ್ಚೇತನದ ಗಿಡಗಳ ಹೊಸ ಚಿಗುರನ್ನು ಅರ್ಧಕ್ಕೆ ಸವರುವುದು, ಫಸಲಿನ ಗಿಡಗಳಿಗೆ ನೀರು.
ನವೆಂಬರದಿಂದ ಜನವರಿ: ಹಣ್ಣಿನ ಕೊಯ್ಲು.

ಮಾರಿದ ಭೂಮಿ ಮರಳಿ ತೋಟವಾಗುವುದಿಲ್ಲ, ಆದರೆ ಕೊಯ್ದ ಗಿಡ ಮರಳಿ ಚಿಗುರುತ್ತದೆ. ತೋಟ ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬ ವಿಚಾರದಲ್ಲಿರುವ ರೈತ ಬಾಂಧವರು ಆ ತೀರ್ಮಾನಕ್ಕೆ ಬರುವ ಮೊದಲು, ಬರುವ ಮೇ ತಿಂಗಳಿನಲ್ಲಿ ಒಂದು ಸಾಲಿನ ಗಿಡಗಳಿಗಾದರೂ ಗರಗಸ ಹಚ್ಚಿ ಎರಡು ಚಳಿಗಾಲ ಕಾದು ನೋಡುವುದು ಲೇಸು.